ಆದಾಮನ ಕಡೆಯವರು

ತನ್ನನ್ನು ಕೆಲಸದಿಂದ ಬಿಡಿಸುವ ಮಾತಿಗೆ ತಾನೇ ಎಲ್ಲರಿಗಿಂತ ಮೊದಲು ಕೈಯೆತ್ತಿ ಒಪ್ಪಿಗೆ ಕೊಟ್ಟ ಮನುಷ್ಯನನ್ನು ನಾನು ಜೀವಮಾನದಲ್ಲಿ ಒಬ್ಬರನ್ನೇ ಕಂಡಿದ್ದೇನೆ. ಅದು ನೈರೋಬಿಯಲ್ಲಿ, ಅಮೆರಿಕದಲ್ಲಿ ಹುಟ್ಟಿದ ಮಾರ್ಮನ್ ಎಂಬ ಕ್ರೈಸ್ತ ಪಂಥದ ಚರ್ಚೊಂದರಲ್ಲಿ, ಒಂದು ಭಾನುವಾರ ಬೆಳಿಗ್ಗೆ. ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿದ ನಾನು ಅಲ್ಲಿಗೆ ಹೋಗಿ ಯಾಕೆ ಕೂತಿದ್ದೆ ಎನ್ನುವುದನ್ನು ಹೇಳಬೇಕಾದರೆ ಆ ಮನುಷ್ಯನ ವಿಷಯವನ್ನೇ ಹೇಳಬೇಕು. ಹೋದ ತಿಂಗಳು ಅವರು ತೀರಿಕೊಂಡರು.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಇಷ್ಟವಾಗುತ್ತಿರಲಿಲ್ಲ, ಯಾಕೆಂಬುದು ಮುಂದೆ ತಿಳಿಯುತ್ತದೆ. ಆಫೀಸಿನಲ್ಲಿ ಎಲ್ಲರೂ ಅವರನ್ನು ಮ್ಜೇ ಎಂದು ಕರೆಯುತ್ತಿದ್ದರು. ಸ್ವಾಹಿಲಿಯಲ್ಲಿ ಹಾಗೆಂದರೆ ಹಿರಿಯರು, ನಮ್ಮಲ್ಲಿ ಯಜಮಾನರು ಅನ್ನುತ್ತೇವಲ್ಲ, ಹಾಗೆ. ನಾವಿಬ್ಬರೂ ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಆದರೆ ಅವರ ಮಾತೆಲ್ಲ ನನ್ನ ಕಿವಿಯಲ್ಲಿ ನಮ್ಮ ಮನೆಯ ಕನ್ನಡವಾಗಿಯೇ ಉಳಿದುಬಿಟ್ಟಿದೆ, ಅದನ್ನು ಹಾಗೆಯೇ ಬರೆಯುತ್ತೇನೆ.

ನಮ್ಮದು ನೀರಿನ ಯೋಜನೆಗಳ ಕೆಲಸ ಮಾಡುವ ಸಂಸ್ಥೆ. ಆಫೀಸು ಇರುವುದು ನಗರದ ನಟ್ಟನಡುವೆ, ಸಿಬಿಡಿಯಲ್ಲಿ, ಹಳೆಯ ಕಟ್ಟಡವೊಂದರ ನಾಲ್ಕನೆಯ ಮಹಡಿಯಲ್ಲಿ. ಅಲ್ಲಿ ಕಿಟಕಿಯಿಲ್ಲದ ಒಂದು ಉದ್ದನೆಯ ಕೋಣೆ. ದೇಶದ ಮೂಲೆಮೂಲೆಗಳಲ್ಲಿ ತೋಡಿಸಿದ ಬೋರ್‌ವೆಲ್‌ಗಳ ನಕ್ಷೆಗಳೆಲ್ಲ ಅದರೊಳಗೆ. ಮ್ಜೇ ಆ ಕೋಣೆಯ ಒಡೆಯರು. ನಕ್ಷೆ ಬೇಕೆಂದು ಹೋದವರಿಗೆ ಅವರು ಸುಮ್ಮನೆ ತೆಗೆದುಕೊಡುತ್ತಿರಲಿಲ್ಲ. ಆ ಬಾವಿ ಹುಟ್ಟಿದ್ದು ಹೇಗೆ ಎಂದು ಮೊದಲು ಹೇಳಬೇಕು: ಜಾಗ ತೋರಿಸಿದವರು ಯಾರು, ಅಲ್ಲಿ ತೋಡಬೇಡಿ ಎಂದು ಜಗಳಕ್ಕೆ ಬಂದ ಮುದುಕಿ ಯಾರು, ಎಷ್ಟನೆಯ ಸಲಕ್ಕೆ ನೀರು ಬಿತ್ತು. ನನಗೆ ಹುಟ್ಟಿನಿಂದಲೇ ತಾಳ್ಮೆ ಕಡಿಮೆ. "ಮ್ಜೇ, ಮೊದಲು ನಕ್ಷೆ ಕೊಡಿ" ಎಂದು ಕೈ ಚಾಚುತ್ತಿದ್ದೆ. ಅವರು ಸುರುಳಿಯನ್ನು ಎದೆಗೆ ಒತ್ತಿಕೊಂಡು ಕಥೆ ಮುಂದುವರಿಸುತ್ತಿದ್ದರು.

ಕೀನ್ಯಾದಲ್ಲಿ ಟೀ ಕುಡಿಯದ ಮನುಷ್ಯನನ್ನು ಹುಡುಕುವುದು ಕಷ್ಟ. ಹಾಲಿನಲ್ಲೇ ಕುದಿಸಿದ ಟೀ ಹತ್ತು ಗಂಟೆಗೆ ಮಹಡಿ ಮಹಡಿಗೂ ಬರುತ್ತದೆ. ಮ್ಜೇ ಮಾತ್ರ ಎನಾಮಲ್ ಲೋಟದಲ್ಲಿ ಬಿಸಿನೀರು ಕುಡಿಯುತ್ತಿದ್ದರು. ಒಂದು ವಾರ ನೋಡಿದೆ, ಎರಡು ವಾರ ನೋಡಿದೆ, ಆಮೇಲೆ ತಡೆಯಲಾಗಲಿಲ್ಲ.

"ಶುಗರ್ ಇದೆಯಾ ಮ್ಜೇ?"

"ಇಲ್ಲ ಮೇಡಂ, ಧರ್ಮ ಇದೆ. ನಾನು ಮಾರ್ಮನ್. ಟೀ, ಕಾಫಿ ಎರಡೂ ಇಲ್ಲ."

"ಮಾರ್ಮನ್ ಅಂದ್ರೆ... ನಾಲ್ಕು ಹೆಂಡ್ತಿಯರು?" ಬಾಯಿಗೆ ಬಂದದ್ದನ್ನು ಆಡಿಬಿಟ್ಟಿದ್ದೆ.

"ಅದು ಯಾವತ್ತೋ ನಿಂತುಹೋಯ್ತು. ಒಬ್ಬಳೇ ಮೇಡಂ. ಅವಳಿಗೇ ನಾನು ಜಾಸ್ತಿಯಾಗಿದೀನಿ" ಎಂದು ನೀರು ಹೀರಿದರು. ನನಗೆ ಆವತ್ತೇ ಅವರು ಹಿಡಿಸಿಬಿಟ್ಟರು.

ಆದಾಮನ ವಿಷಯ ಬಂದದ್ದು ಇನ್ನೊಂದು ದಿನ, ಉತ್ತರದ ಒಣನಾಡು ಟರ್ಕಾನಾ ಕಡೆಯ ನಕ್ಷೆ ಹುಡುಕುತ್ತಿದ್ದಾಗ. "ಭೂಮಿ ಮಾಡೋವಾಗ ಈ ಭಾಗದಲ್ಲಿ ನೀರನ್ನ ಸ್ವಲ್ಪ ಕೆಳಗೇ ಇಟ್ಬಿಟ್ರು ಅವರು" ಎಂದರು.

"ಯಾರು? ದೇವರಾ?"

"ದೇವರ ಜೊತೆಲಿದ್ದೋರು. ಆದಾಮ."

ಅವರು ಆದಾಮನ ಬಗ್ಗೆ ಮಾತಾಡುತ್ತಿದ್ದ ರೀತಿ ಊರಲ್ಲಿ ಇನ್ನೂ ಬದುಕಿರುವ ದೊಡ್ಡಪ್ಪನ ಬಗ್ಗೆ ಮಾತಾಡುವಂತೆ ಇತ್ತು. ನನ್ನ ಕಿವಿಗೆ ಅದು 'ಅವರು' ಎಂದೇ ಬೀಳುತ್ತಿತ್ತು, 'ಅವನು' ಎಂದು ಒಮ್ಮೆಯೂ ಕೇಳಿಸಲಿಲ್ಲ. ನನಗೆ ಗೊತ್ತಿದ್ದ ಆದಾಮ ಕಾನ್ವೆಂಟ್ ಸ್ಕೂಲಿನ ಆದಾಮ. ಹೆಂಡತಿ ಹವ್ವ ಕೊಟ್ಟಳೆಂದು ಹಣ್ಣು ತಿಂದ, ತೋಟದಿಂದ ಹೊರಬಿದ್ದ, ತಾನು ಕೆಟ್ಟದ್ದಲ್ಲದೆ ಮಕ್ಕಳನ್ನೂ ಕೆಡಿಸಿದ. ಸಿಸ್ಟರ್‌ಗಳು ಅವನ ಮಾತೆತ್ತಿದಾಗಲೆಲ್ಲ ಮುಖ ಗಂಟಿಕ್ಕುತ್ತಿದ್ದರು.

ಮ್ಜೇ ಹೇಳಿದ ಆದಾಮ ಬೇರೆಯೇ. ಮಣ್ಣಿನ ಮೈಯೊಳಗೆ ಬರುವ ಮೊದಲು ಆತ ದೇವದೂತರ ಮುಖ್ಯಸ್ಥ, ಹೆಸರು ಮೈಕಲ್. ಭೂಮಿ ಕಟ್ಟುವ ಕೆಲಸದಲ್ಲಿ ಕೈಜೋಡಿಸಿದವನು. ಹಣ್ಣು ತಿಂದದ್ದು ಎಡವಿದ್ದಲ್ಲ, ತಿಳಿದೇ ಇಳಿದದ್ದು, ಇಳಿಯದಿದ್ದರೆ ಮಕ್ಕಳಾಗುತ್ತಿರಲಿಲ್ಲ, ನಾವ್ಯಾರೂ ಇರುತ್ತಿರಲಿಲ್ಲ. ದೇವರ ಹೆಸರಿನಲ್ಲಿ ಕೆಲಸ ಮಾಡುವ ಅಧಿಕಾರದ ಬೀಗದ ಕೈಗಳು ಮೊದಲು ಸಿಕ್ಕಿದ್ದು ಅವನಿಗೆ. ಕ್ರಿಸ್ತನ ಕೆಳಗೆ ಅವನೇ ಹಿರಿಯ. ಎಲ್ಲ ಕಾಲದ ಪ್ರವಾದಿಗಳೂ ಆ ಕೈಗಳನ್ನು ಪಡೆದದ್ದು ಅವನ ಅಧೀನದಲ್ಲಿ. ಕೊನೆಗೊಂದು ದಿನ ಅವನು ಅಮೆರಿಕದ ಒಂದು ಕಣಿವೆಗೆ ಬಂದು ಕೂರುತ್ತಾನೆ, ಬೀಗದ ಕೈ ಪಡೆದವರೆಲ್ಲ ಬಂದು ವರದಿ ಒಪ್ಪಿಸಬೇಕು.

"ಅಮೆರಿಕದಲ್ಲೇ ಯಾಕೆ? ಇಷ್ಟೆಲ್ಲ ಭೂಮಿ ಬಿದ್ದಿದೆಯಲ್ಲ?"

"ನಾನೂ ಅದನ್ನೇ ಕೇಳ್ದೆ ಮೇಡಂ. ವೀಸಾ ಯಾರು ಕೊಡ್ತಾರೆ ಅಂತಾನೂ ಕೇಳ್ದೆ." ಹೇಳಿ ತಾವೇ ನಕ್ಕರು. ನಕ್ಕರೆ ಭುಜ ಮಾತ್ರ ಕುಣಿಯುತ್ತಿತ್ತು, ಸದ್ದು ಬರುತ್ತಿರಲಿಲ್ಲ.

"ಮತ್ತೆ ಹವ್ವ?"

"ಮೊದಲು ಅರ್ಥ ಮಾಡ್ಕೊಂಡಿದ್ದು ಅವರೇ. ಇವರು ಆಮೇಲೆ."

"ಹಾಗಾದ್ರೆ ಬೀಗದ ಕೈ ಅವರ ಹತ್ತಿರ ಯಾಕಿಲ್ಲ?"

ಮ್ಜೇ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ಇದನ್ನ ನನ್ನ ಹೆಂಡ್ತಿನೂ ಕೇಳ್ತಾಳೆ" ಎಂದರು. ಉತ್ತರ ಅಷ್ಟೇ.

ಮುಂದೆ ನಾನು ನಕ್ಷೆಯ ನೆಪ ಮಾಡಿಕೊಂಡು ಆ ಕೋಣೆಗೆ ಹೋಗತೊಡಗಿದೆ. ಮನೆಯಲ್ಲಿ ನನ್ನ ಗಂಡ ತಮಾಷೆ ಮಾಡುತ್ತಿದ್ದರು. "ಏನಂತೆ ಇವತ್ತು ಆದಾಮನ ಕಡೆಯವರು?" ಎಂದು ಕೇಳಿಯೇ ಶೂ ಬಿಚ್ಚುತ್ತಿದ್ದರು. ನಂಬಿಕೆ ಬದಲಿಸುವ ಆಸೆ ನನಗೇನೂ ಇರಲಿಲ್ಲ. ಪಕ್ಕದ ಮನೆಯಲ್ಲಿ ಅಡುಗೆ ಹೇಗೆ ಮಾಡುತ್ತಾರೆ ಎಂದು ಇಣುಕಿ ನೋಡುವ ಚಟ, ಅಷ್ಟೇ.

ಒಂದು ದಿನ ಅವರು ಪರ್ಸಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದು ತೋರಿಸಿದರು. ಮೇಲಿನಿಂದ ಕೆಳಕ್ಕೆ ಹೆಸರುಗಳ ಪಟ್ಟಿ. ಅವರ ಚರ್ಚಿನಲ್ಲಿ ಪೌರೋಹಿತ್ಯದ ಅಧಿಕಾರ ಬರುವುದು ತಲೆಯ ಮೇಲೆ ಕೈಯಿಡುವುದರಿಂದ. ಮ್ಜೇ ತಲೆಯ ಮೇಲೆ ಕೈಯಿಟ್ಟವರು ಯಾರು, ಅವರ ತಲೆಯ ಮೇಲೆ ಕೈಯಿಟ್ಟವರು ಯಾರು ಎಂದು ಏರುತ್ತಾ ಹೋಗಿ ಪಟ್ಟಿ ಕ್ರಿಸ್ತನ ಹತ್ತಿರ ನಿಲ್ಲುತ್ತಿತ್ತು. "ಅಲ್ಲಿಂದ ಹಿಂದಕ್ಕೆ ಕಾಗದ ಇಲ್ಲ, ಆದರೆ ದಾರಿ ಆದಾಮನ ತನಕ ಇದೆ" ಎಂದರು.

ನನಗೆ ನನ್ನ ತಮ್ಮನ ಉಪನಯನ ನೆನಪಾಯಿತು. ಎಂಟು ವರ್ಷದ ಹುಡುಗ ಎರಡೂ ಕಿವಿ ಮುಟ್ಟಿಕೊಂಡು ಆಂಗಿರಸ, ಬಾರ್ಹಸ್ಪತ್ಯ, ಭಾರದ್ವಾಜ ಎಂದು ಪ್ರವರ ಹೇಳಿ ಎಲ್ಲರ ಕಾಲಿಗೆ ಬೀಳುತ್ತಿದ್ದ. ನನಗೆ ಯಾರೂ ಕಲಿಸಲಿಲ್ಲ. ಕದ್ದು ಕೇಳಿ ಕಲಿತಿದ್ದೆ. ಮದುವೆಯಾದ ದಿನ ಅದೂ ನನ್ನದಲ್ಲವಾಯಿತು. ಅದನ್ನೆಲ್ಲ ಮ್ಜೇಗೆ ಹೇಳಿದೆ, ಹೇಳುವಾಗ ಇಷ್ಟು ವರ್ಷದ ಮೇಲೂ ಸಿಟ್ಟು ಬಂತು. ಅವರು ಕೇಳಿಸಿಕೊಂಡು, "ನಮಗೂ ಕೊಟ್ಟಿರಲಿಲ್ಲ ಮೇಡಂ" ಎಂದರು. ಕೆಲವು ದಶಕಗಳ ಹಿಂದಿನ ತನಕ ಕಪ್ಪು ಜನರ ತಲೆಯ ಮೇಲೆ ಆ ಕೈ ಇಡುತ್ತಿರಲಿಲ್ಲವಂತೆ. ಇದು ತಿಳಿದೂ ಹೇಗೆ ಸೇರಿದಿರಿ ಎಂದು ಕೇಳಿದೆ. "ಬೀಗದ ಕೈ ನಮ್ಮಪ್ಪನದು. ನಡುವಿನವರು ಬಚ್ಚಿಟ್ಟರೆ ಅಪ್ಪನದು ತಪ್ಪಾ?" ಎಂದರು. ನನಗೆ ಆ ಉತ್ತರ ಒಪ್ಪಿಗೆಯಾಗಲಿಲ್ಲ, ಹಾಗೆಂದು ಅವರಿಗೆ ಹೇಳಿಯೂ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ.

ಭಾನುವಾರ ಚರ್ಚಿನಲ್ಲಿ ಅವರು ದೊಡ್ಡವರಿಗೆ ಪಾಠ ಹೇಳುತ್ತಿದ್ದರು. ಒಮ್ಮೆ ಬಂದು ಕೇಳಿ ಎಂದು ಕರೆದರು. ಹೋದೆ. ಶಿಲುಬೆಯಿಲ್ಲದ, ಬಣ್ಣದ ಗಾಜಿಲ್ಲದ ಸಾದಾ ಹಾಲ್. ಬ್ರೆಡ್ಡಿನ ಚೂರು, ಸಣ್ಣ ಲೋಟಗಳಲ್ಲಿ ನೀರು ಹಂಚಿದರು. ಅದಕ್ಕೂ ಮೊದಲು ಅವರ ಬಿಷಪ್ ಎದ್ದು ನಿಂತರು. ಬಿಷಪ್ ಎಂದರೆ ನಿಲುವಂಗಿಯ ಮುದುಕರನ್ನು ಕಲ್ಪಿಸಿಕೊಂಡಿದ್ದೆ. ಇವರು ಮೂವತ್ತೈದು ದಾಟದ, ವಾರವೆಲ್ಲ ಬ್ಯಾಂಕಿನಲ್ಲಿ ಕೆಲಸ ಮಾಡುವ, ಸಂಬಳವಿಲ್ಲದೆ ಚರ್ಚು ನಡೆಸುವ ಯುವಕ. ಅವರು ಮ್ಜೇಯ ಹೆಸರು ಹೇಳಿ, ಭಾನುವಾರದ ಪಾಠದ ಹೊಣೆಯಿಂದ ಇವರನ್ನು ಬಿಡುಗಡೆ ಮಾಡಿದ್ದೇವೆ, ಇವರ ಸೇವೆಗೆ ಕೃತಜ್ಞತೆ ಸೂಚಿಸುವವರು ಕೈಯೆತ್ತಿ ಎಂದರು.

ನಾನು ಪಕ್ಕಕ್ಕೆ ತಿರುಗುವಷ್ಟರಲ್ಲಿ ಮ್ಜೇ ಬಲಗೈ ಎತ್ತಿಯಾಗಿತ್ತು. ಮೊಣಕೈ ಒಂದಿಷ್ಟೂ ಬಾಗದೆ ನೆಟ್ಟಗೆ. ಆಮೇಲೆ ಉಳಿದವರ ಕೈಗಳು ಎದ್ದವು. ಅವರ ಪದ್ಧತಿ ತಿಳಿಯದೆ ನಾನೂ ಎತ್ತಿದೆ. ಪಾಠದ ಹೊತ್ತಿಗೆ ಅವರು ಮೊದಲ ಸಾಲಿನಲ್ಲಿ ಕೂತು, ಹೊಸದಾಗಿ ಪಾಠ ಹೇಳಲು ನಿಂತ ಕಾಲೇಜಿನ ಹುಡುಗಿ ತಡವರಿಸಿದಾಗ ಪುಟ ತೆಗೆದುಕೊಟ್ಟರು.

ಮರುದಿನ ನಕ್ಷೆಯ ಕೋಣೆಗೆ ನುಗ್ಗಿದೆ. "ಏನು ಮಾಡಿದ್ರಿ ಮ್ಜೇ? ಯಾಕೆ ತೆಗೆದ್ರು?"

ಅವರ ಚರ್ಚಿನ ಮೊದಮೊದಲ ಅಧ್ಯಕ್ಷರಲ್ಲಿ ಒಬ್ಬರು, ಹತ್ತೊಂಬತ್ತನೆಯ ಶತಮಾನದವರು, ಆದಾಮ ಬರೀ ಮೊದಲ ಮನುಷ್ಯನಲ್ಲ, ಅವನೇ ನಮ್ಮ ತಂದೆಯಾದ ದೇವರು ಎಂದು ಬೋಧಿಸಿದ್ದರಂತೆ. ಆಮೇಲೆ ಬಂದ ಅಧ್ಯಕ್ಷರು ಅದು ನಮ್ಮ ಬೋಧನೆಯಲ್ಲ ಎಂದು ಖಂಡಿತವಾಗಿ ಹೇಳಿ ಬದಿಗಿಟ್ಟರು. ಆ ಹಳೆಯ ಉಪದೇಶದ ಒಂದು ಜೆರಾಕ್ಸ್ ಮ್ಜೇ ಕೈಗೆ ಸಿಕ್ಕಿತ್ತು. ಅದನ್ನು ಅವರು ಪಾಠದಲ್ಲಿ ಓದಿ ಹೇಳಿದ್ದರು, ಒಂದು ವಾರವಲ್ಲ, ಮೂರು ವಾರ.

"ಇಬ್ಬರೂ ಅಧ್ಯಕ್ಷರೇ. ಅವರು ಹೌದು ಅಂದ್ರು, ಇವರು ಅಲ್ಲ ಅಂದ್ರು. ಬಿಷಪ್ ಬಂದು, ಮ್ಜೇ, ಬದುಕಿರೋರ ಮಾತು ಕೇಳಿ ಅಂದ. ಕೇಳ್ದೆ."

"ಅಷ್ಟು ಸುಲಭವಾಗಿ?"

"ಅಧಿಕಾರ ಅವನ ಹತ್ತಿರ ಇದೆ ಮೇಡಂ. ನನ್ನ ಮಗನ ವಯಸ್ಸು, ಆದ್ರೂ ಇದೆ." ಕೈಯಲ್ಲಿದ್ದ ನಕ್ಷೆಯನ್ನು ಸುರುಳಿ ಸುತ್ತುತ್ತಾ, "ಆದ್ರೆ ನಾನು ಪ್ರಾರ್ಥನೆ ಮಾಡೋವಾಗ ಇಷ್ಟು ದಿನ ಆದಾಮನ ಮುಖಾನೇ ನೋಡ್ತಿದ್ದೆ. ಈಗ ಯಾರ ಮುಖ ನೋಡ್ಲಿ?" ಎಂದರು.

ಆಮೇಲೆ ಅವರು ತಮ್ಮ ಅಪ್ಪನ ವಿಷಯ ಹೇಳಿದರು. ಹೇಳುವುದಕ್ಕೆ ಏನೂ ಇರಲಿಲ್ಲ ಎನ್ನುವುದೇ ಆ ವಿಷಯ. ತಾಯಿ ಶ್ರೀಮಂತರ ಬಡಾವಣೆ ಕರೆನ್‌ನ ದೊಡ್ಡ ಮನೆಗಳಲ್ಲಿ ಬಟ್ಟೆ ಒಗೆಯುತ್ತಿದ್ದವರು. ಅಪ್ಪ ಯಾರೆಂದು ಕೇಳಿದಾಗಲೆಲ್ಲ ದೇವರನ್ನು ಕೇಳು ಎನ್ನುತ್ತಿದ್ದರಂತೆ, ಹಾಗೆ ಹೇಳುತ್ತಲೇ ಕಣ್ಣು ಮುಚ್ಚಿದರು. ಹದಿನೆಂಟು ತುಂಬಿದಾಗ ಗುರುತಿನ ಚೀಟಿ ಮಾಡಿಸಲು ಹೋದರೆ ಮೂರು ಹೆಸರು ಬೇಕು, ಮೂರನೆಯದು ಅಪ್ಪನದು. ಗೊತ್ತಿಲ್ಲ ಎಂದರೆ, ಗೊತ್ತಿಲ್ಲ ಎಂದು ಬರೆಯುವ ಹಾಗಿಲ್ಲ ಎಂದು ಗುಮಾಸ್ತ ತಾನೇ ಒಂದು ಹೆಸರು ಬರೆದ. ಯಾರದಿದು ಎಂದಿದ್ದಕ್ಕೆ, "ನಮ್ಮಜ್ಜಂದು. ಅವನು ಬೇಜಾರು ಮಾಡ್ಕೊಳ್ಳಲ್ಲ" ಎಂದನಂತೆ. ಅವತ್ತಿನಿಂದ ಮ್ಜೇಗೆ ತಮ್ಮ ಪೂರ್ತಿ ಹೆಸರು ಕೇಳಿದರೆ ಮುಜುಗರ. ಸಂಬಳದ ಚೀಟಿಯಲ್ಲೂ, ಆಸ್ಪತ್ರೆಯ ಪುಸ್ತಕದಲ್ಲೂ ಅವರು ಯಾರದೋ ಅಜ್ಜನ ಮಗ.

"ಮಿಷನರಿಗಳು ನನ್ನ ಬಾಗಿಲಿಗೆ ಬಂದ ದಿನ ಮೊದಲು ಕೇಳಿದ್ದೇ, ನಿಮ್ಮ ತಂದೆ ಯಾರು ಅಂತ ತಿಳ್ಕೊಳ್ಳೋಕೆ ಇಷ್ಟ ಇದೆಯಾ ಅಂತ. ನಾನು ಏನೋ ಸುದ್ದಿ ತಂದಿದಾರೆ ಅಂತ ಒಳಗೆ ಕರೆದು ಕೂರಿಸ್ದೆ." ಭುಜ ಕುಣಿಯಿತು. "ಅವರು ತಂದಿದ್ದು ಆದಾಮನ ಸುದ್ದಿ. ಮೇಡಂ, ನಂಗೆ ಮೊದಲನೆಯ ಅಪ್ಪ ಗೊತ್ತು, ಕೊನೆಯ ಅಪ್ಪ ಗೊತ್ತಿಲ್ಲ."

ನಾನು ಬಂದ ನೆಪಕ್ಕೆ ಒಂದು ನಕ್ಷೆ ಎತ್ತಿಕೊಂಡು ನನ್ನ ಮೇಜಿಗೆ ವಾಪಸು ಬಂದೆ.

ಆ ಹೊತ್ತಿಗೆ ನಗರದಲ್ಲಿ ಅವರ ಟೆಂಪಲ್ ಮುಗಿಯುವ ಹಂತಕ್ಕೆ ಬಂದಿತ್ತು. ಭಾನುವಾರದ ಚರ್ಚೇ ಬೇರೆ, ಟೆಂಪಲ್ಲೇ ಬೇರೆ. ಅಲ್ಲಿ ಗಂಡ ಹೆಂಡತಿಯನ್ನು, ತಂದೆ ತಾಯಿ ಮಕ್ಕಳನ್ನು ಸಾವಿನಾಚೆಗೂ ಬಿಡದ ಹಾಗೆ ಕಟ್ಟುತ್ತಾರೆ. ಸತ್ತವರನ್ನೂ ಹಾಗೆಯೇ ಮಕ್ಕಳೊಂದಿಗೆ ಸೇರಿಸುತ್ತಾರೆ. ಅಷ್ಟು ವರ್ಷ ಅದಕ್ಕಾಗಿ ವಿಮಾನ ಹತ್ತಿ ದಕ್ಷಿಣ ಆಫ್ರಿಕಾಕ್ಕೆ ಹೋಗಬೇಕಿತ್ತು, ಮ್ಜೇಗೆ ಆಗಿರಲಿಲ್ಲ. ಈಗ ಊರೊಳಗೆ ಓಡಾಡುವ ಮಟಾಟು ವ್ಯಾನು ಹತ್ತಿದರೆ ಸಾಕು. ಒಳಗೆ ಹೋಗಲು ಬಿಷಪ್ ಪ್ರಶ್ನೆ ಕೇಳಿ ಸಹಿ ಹಾಕಿದ ಚೀಟಿ ಬೇಕು. ಸತ್ತ ಹಿರಿಯರಿಗೆ ಮಾಡಿಸುವುದಾದರೆ ಅವರ ಹೆಸರು ಬೇಕು. ಒಮ್ಮೆ ಯಾರಾದರೂ ಒಬ್ಬರ ಮಗನಾಗಿ ಆ ಮನೆಯೊಳಗೆ ನಿಲ್ಲಬೇಕು ಎನ್ನುವುದು ಮ್ಜೇಯ ಆಸೆ. ಹೃದಯದ ಕಾಯಿಲೆ ಶುರುವಾಗಿತ್ತು, ಕಾಯುವಷ್ಟು ಕಾಲವಿಲ್ಲ ಎಂದು ಅವರಿಗೆ ಗೊತ್ತಿತ್ತು.

"ಗುರುತಿನ ಚೀಟಿಯಲ್ಲಿರೋ ಹೆಸರು ಬರೆದುಬಿಡಿ" ಎಂದೆ. ಬಿಷಪ್ಪೂ ಅದನ್ನೇ ಹೇಳಿದ್ದರಂತೆ.

"ದೇವರ ಮನೇಲಿ ಗುಮಾಸ್ತನ ಸುಳ್ಳು ಬೇಡ" ಎಂದರು.

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಅದು ನನ್ನ ಜಾಯಮಾನವಲ್ಲ. ನಮ್ಮಲ್ಲಿ ಪೂಜೆ ಮಾಡಿಸುವಾಗ ಪುರೋಹಿತರು ಗೋತ್ರ ಕೇಳುತ್ತಾರೆ, ಗೊತ್ತಿಲ್ಲ ಎಂದವರಿಗೆ ಕಾಶ್ಯಪ ಗೋತ್ರ ಎಂದು ಹೇಳಿ ಸಂಕಲ್ಪ ಮಾಡಿಸುತ್ತಾರೆ, ಯಾಕೆಂದರೆ ಕಶ್ಯಪರು ಜೀವಕೋಟಿಗೆಲ್ಲ ಮೂಲಪುರುಷರು ಎಂದು ವಿವರಿಸಿದೆ. ಮ್ಜೇ ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

"ಪುರೋಹಿತರೇ ಹೇಳ್ತಾರಾ? ಬೈಯಲ್ಲವಾ?"

"ಬೈಯೋದ್ಯಾಕೆ? ಅರ್ಧ ಊರು ಹಾಗೇ ನಡೆಯತ್ತೆ."

"ಒಳ್ಳೆಯವರು ನಿಮ್ಮ ಕಶ್ಯಪರು" ಎಂದು ಎರಡು ಸಲ ಹೇಳಿದರು.

ಆ ಭಾನುವಾರ ಅವರು ಅರ್ಜಿ ತುಂಬಿ ಬಿಷಪ್ ಕೈಗೆ ಕೊಟ್ಟರು. ತಂದೆಯ ಹೆಸರಿನ ಜಾಗದಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದರು: ಆದಾಮ.

ಪಾಠದಲ್ಲಿ ಆದಾಮನೇ ದೇವರು ಎಂದು ಹೇಳಿ ಹೊಣೆ ಕಳೆದುಕೊಂಡ ಮುದುಕ ಈಗ ಅರ್ಜಿಯಲ್ಲೂ ಆದಾಮನನ್ನೇ ತಂದೆಯೆಂದು ಬರೆದರೆ ಬಿಷಪ್ ಏನೆಂದುಕೊಳ್ಳಬೇಕು? ಹಠ ಎಂದುಕೊಂಡರು. ಸಹಿ ಮಾಡದೆ, ಯೋಚಿಸಿ ಹೇಳುತ್ತೇನೆ ಎಂದು ಎತ್ತಿಟ್ಟರು. ಮ್ಜೇಗೆ ಈಗ ಅಪ್ಪನ ಮಾತು ಹಾಗಿರಲಿ, ತಾವೇ ಒಳಗೆ ಹೋಗುವುದು ಅನುಮಾನವಾಯಿತು. ಆಫೀಸಿನಲ್ಲಿ ಅವರು ಏನೂ ಆಗಿಲ್ಲ ಎಂಬಂತೆ ಬಾವಿಗಳ ಕಥೆ ಹೇಳುತ್ತಿದ್ದರು. ವಿಷಯ ನನಗೆ ಗೊತ್ತಾದದ್ದು ಬಾಯಿಬಿಡಿಸಿದ ಮೇಲೆ.

ಮನೆಗೆ ಬಂದು ಗಂಡನಿಗೆ ಹೇಳಿದೆ.

"ಅಲ್ವೇ, ಹೋಗಿ ಹೋಗಿ ಚರ್ಚ್ ಫಾರಮ್ಮಿಗೆ ಗೋತ್ರ ತುರುಕಿಬಂದ್ಯಲ್ಲ! ಯಾರು ಕೇಳಿದ್ರು ನಿನ್ನ?"

"ನಾನು ಸುಮ್ನೆ ಹೇಳಿದ್ದು ರೀ. ಅವರು ಬರೀತಾರೆ ಅಂತ ಯಾರಿಗೆ ಗೊತ್ತಿತ್ತು?"

"ನಿಂಗದು ಟೈಂಪಾಸು. ಅವರಿಗೆ ಲೈಫು." ಅವರು ತಮಾಷೆಗೆ ಹೇಳಲಿಲ್ಲ. ನನ್ನ ಕುತೂಹಲದ ಬಗ್ಗೆ ನನಗೇ ಹೇಸಿಗೆಯಾಯಿತು.

ಟೆಂಪಲ್ಲಿನ ಪ್ರತಿಷ್ಠೆಗೆ ಮೊದಲು ಕೆಲವು ದಿನ ಹೊರಗಿನವರೂ ಒಳಗೆ ಹೋಗಿ ನೋಡಬಹುದು. ಆಮೇಲೆ ಚೀಟಿ ಇದ್ದವರಿಗೆ ಮಾತ್ರ. ನಾನು ಶನಿವಾರ ಹೋದೆ. ಬಾಗಿಲಲ್ಲಿ ಕಾರ್ಪೆಟ್ ಕೊಳೆಯಾಗದಂತೆ ಬಂದವರ ಚಪ್ಪಲಿ ಶೂಗಳಿಗೆ ಬಿಳಿಯ ಚೀಲ ತೊಡಿಸುತ್ತಿದ್ದರು. ಆ ಕೆಲಸಕ್ಕೆ ಸಾಲಾಗಿ ಕೂತವರಲ್ಲಿ ಮ್ಜೇ ಕೂಡ ಇದ್ದರು. ನನ್ನನ್ನು ನೋಡಿ, "ಕಾಲು ಕೊಡಿ ಮೇಡಂ" ಎಂದರು. ಅರುವತ್ತು ದಾಟಿದವರು ನೆಲಕ್ಕೆ ಮಂಡಿಯೂರಿದ್ದಾರೆ. ನಾನು ಕೊಡಲಿಲ್ಲ, ಕಿತ್ತುಕೊಂಡು ನಾನೇ ಹಾಕಿಕೊಂಡೆ. ಇನ್ನು ಎರಡು ವಾರದ ನಂತರ ಆ ಬಾಗಿಲು ಅವರಿಗೆ ತೆರೆಯುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ಒಳಗೆ ಬಿಷಪ್ ಸಿಕ್ಕಿದರು. ಎರಡು ದೊಡ್ಡ ಕನ್ನಡಿಗಳು ಎದುರುಬದುರು ನಿಂತಿದ್ದ ಕೋಣೆಯಲ್ಲಿ ಜನರನ್ನು ಮುಂದಕ್ಕೆ ಕಳಿಸುತ್ತಿದ್ದರು. ನಾನು ಅವರನ್ನು ಬದಿಗೆ ಕರೆದು, ತಪ್ಪು ನನ್ನದು ಎಂದೆ. ಗೋತ್ರದ ಕಥೆಯೆಲ್ಲ ಹೇಳಿದೆ. ಆತ ಮಧ್ಯೆ ಬಾಯಿ ಹಾಕದೆ ಕೇಳಿದರು.

"ಸಿಸ್ಟರ್, ನಿಮ್ಮ ಪುರೋಹಿತರು ಹಾಗೆ ಹೇಳಿದ ಮೇಲೆ ಆ ಮನುಷ್ಯನಿಗೆ ತನ್ನ ತಂದೆ ಯಾರು ಅಂತ ಗೊತ್ತಾಗತ್ತಾ?"

"ಇಲ್ಲ."

"ಮತ್ತೆ ಏನು ಪ್ರಯೋಜನ?"

"ಪೂಜೆ ನಿಲ್ಲಲ್ಲ" ಎಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂತು.

ಆತ ಬಾಗಿಲಿನ ಕಡೆ ನೋಡಿದರು. ಹಿಂದೆ ಜನ ಸೇರುತ್ತಿದ್ದರು. "ದಯವಿಟ್ಟು ಮುಂದೆ ಹೋಗಿ" ಎಂದಷ್ಟೇ ಹೇಳಿದರು. ಕೆಲಸ ಇನ್ನಷ್ಟು ಕೆಡಿಸಿದೆ ಎಂದುಕೊಂಡು ಲಂಗಾಟಾದ ಮನೆಗೆ ಬಂದೆ.

ಮುಂದಿನ ವಾರ ಬಿಷಪ್ ಮ್ಜೇಯನ್ನು ಕರೆಸಿದರು. ಇಬ್ಬರ ಮಧ್ಯೆ ನಡೆದದ್ದನ್ನು ಮ್ಜೇಯೇ ಹೇಳಿದರು. ಆದಾಮ ದೇವರು ಎಂದು ನಂಬುತ್ತೀರಾ ಎಂದು ಬಿಷಪ್ ಕೇಳಿದರಂತೆ. "ನಂಗೊತ್ತಿಲ್ಲ. ಬದುಕಿರೋರು ಅಲ್ಲ ಅಂದ ಮೇಲೆ ಅಲ್ಲ. ಆದ್ರೆ ಅವರು ನನ್ನ ತಂದೆ ಹೌದೋ ಅಲ್ಲವೋ, ನೀವೇ ಹೇಳಿ" ಎಂದು ಇವರು ಕೇಳಿದರಂತೆ. ಹೌದು ಎನ್ನದೆ ಬಿಷಪ್ಪಿಗೆ ದಾರಿಯಿರಲಿಲ್ಲ. ಮನುಷ್ಯಕುಲಕ್ಕೆಲ್ಲ ಆದಾಮ ತಂದೆ ಎಂದು ಅವರ ಧರ್ಮವೇ ಹೇಳುತ್ತದೆ. ಹಾಗಾದರೆ ಅರ್ಜಿಯಲ್ಲಿ ಸುಳ್ಳು ಯಾವುದು ಎಂದು ಮ್ಜೇ ಕೇಳಲಿಲ್ಲ, ಬಿಷಪ್ ಹೇಳಲಿಲ್ಲ. ತಂದೆಯ ಜಾಗ ಖಾಲಿ ಬಿಡೋಣ, ನೀವು ಹೆಂಡತಿ ಮಕ್ಕಳ ಜೊತೆ ಬನ್ನಿ ಎಂದು ಹೇಳಿ ಚೀಟಿಗೆ ಸಹಿ ಮಾಡಿದರು. ಯಾರೊಬ್ಬರ ಮಗನಾಗಿಯೂ ಅಲ್ಲದೆ, ಒಬ್ಬಳ ಗಂಡನಾಗಿ, ಮೂವರ ಅಪ್ಪನಾಗಿ ಮ್ಜೇ ಒಳಗೆ ಹೋದರು.

"ಒಳಗೆ ಏನಾಯ್ತು ಅಂತ ಕೇಳ್ಬೇಡಿ, ಹೇಳೋ ಹಾಗಿಲ್ಲ" ಎಂದರು ಸೋಮವಾರ. ಆದರೂ ಕನ್ನಡಿಯ ಮಾತು ತಾವಾಗಿಯೇ ತೆಗೆದರು, ಅದನ್ನು ನಾನೂ ನೋಡಿದ್ದೆನಲ್ಲ. "ಒಂದು ಕಡೆ ನೋಡಿದ್ರೆ ಹಿಂದಿನ ತಲೆಮಾರು, ಇನ್ನೊಂದು ಕಡೆ ಮುಂದಿನದು ಅಂತ ನೆನೆಸ್ಕೊಳ್ಳಿ ಅಂದ್ರು. ಮುಂದೆ ನೋಡ್ದೆ, ಮಕ್ಕಳಿದ್ರು. ಹಿಂದೆ ತಿರುಗಿ ಎಷ್ಟು ದೂರ ನೋಡಿದ್ರೂ ನಾನೇ ಇದ್ದೆ ಮೇಡಂ." ಹೇಳುವಾಗ ಅವರು ನಗುತ್ತಿರಲಿಲ್ಲ.

ಆ ವರ್ಷದ ಕೊನೆಗೆ ನಿವೃತ್ತರಾದರು. ಆಮೇಲೆ ಎರಡು ಸಲ ಫೋನಿನಲ್ಲಿ ಮಾತಾಡಿದ್ದು ಬಿಟ್ಟರೆ ಸಿಗಲಿಲ್ಲ. ಒಂದು ಸಲ ನನ್ನ ತಮ್ಮನ ಪ್ರವರ ಪೂರ್ತಿ ಹೇಳಿಸಿಕೊಂಡು ಬರೆದುಕೊಂಡರು, ಯಾಕೆಂದು ಹೇಳಲಿಲ್ಲ.

ಇಲ್ಲಿನ ಜನ ಸತ್ತವರನ್ನು ಅಪ್ಪನ ಊರಿನ ಹೊಲದಲ್ಲಿ, ಅಜ್ಜಂದಿರ ಸಮಾಧಿಗಳ ಪಕ್ಕ ಹೂಳುತ್ತಾರೆ. ಮ್ಜೇಗೆ ಅಪ್ಪನ ಊರು ಇರಲಿಲ್ಲ. ಕಿತೆಂಗೆಲಾ ಕಡೆ ಬಯಲಿನಲ್ಲಿ ತಾವೇ ಕೊಂಡಿದ್ದ ಸೈಟಿನ ಮೂಲೆಯಲ್ಲಿ ಗುಂಡಿ ತೋಡಿದ್ದರು. ಆ ಜಾಗದಲ್ಲಿ ಸಮಾಧಿ ಅದೊಂದೇ. ಆಫೀಸಿನಿಂದ ನಾವು ಆರೇಳು ಜನ ಹೋಗಿದ್ದೆವು. ಬಂದವರಿಗೆಲ್ಲ ಬಣ್ಣದ ಫೋಟೋ ಇರುವ ಸಣ್ಣ ಪುಸ್ತಕ ಹಂಚಿದರು. ಸತ್ತವರ ಬದುಕಿನ ಕಥೆ ಅದರಲ್ಲಿರುತ್ತದೆ, ಯಾರಾದರೊಬ್ಬರು ನಿಂತು ಓದುತ್ತಾರೆ. ಇಂಥ ಎಷ್ಟೋ ಓದುಗಳನ್ನು ಕೇಳಿದ್ದೇನೆ, ಎಲ್ಲದರ ಮೊದಲ ವಾಕ್ಯವೂ ಒಂದೇ ಥರ: ದಿವಂಗತ ಇಂಥವರ ಮಗನಾಗಿ ಇಂಥ ಊರಿನಲ್ಲಿ ಜನಿಸಿದರು. ನಾನು ಪುಸ್ತಕ ತೆರೆಯಲಿಲ್ಲ. ಗುಮಾಸ್ತನ ಅಜ್ಜನನ್ನು ಅಲ್ಲಿ ಕಾಣುವುದು ಬೇಡವಾಗಿತ್ತು.

ಓದಲು ಎದ್ದವಳು ಅವರ ದೊಡ್ಡ ಮಗಳು, ಪ್ರೈಮರಿ ಶಾಲೆಯ ಟೀಚರ್. ಗಾಳಿಗೆ ಪುಟ ಹಾರದಂತೆ ಹೆಬ್ಬೆರಳಲ್ಲಿ ಒತ್ತಿಹಿಡಿದು, ಮಕ್ಕಳಿಗೆ ಪಾಠ ಓದುವಷ್ಟೇ ಗಟ್ಟಿಯಾಗಿ ಶುರುಮಾಡಿದಳು.

"ನಮ್ಮ ತಂದೆಯ ತಂದೆ ಯಾರೆಂದು ನಮಗೆ ಗೊತ್ತಿಲ್ಲ. ನಮ್ಮ ವಂಶದಲ್ಲಿ ಇವರೇ ಮೊದಲನೆಯವರು."

ಅಷ್ಟು ಓದಿ ತಲೆಯೆತ್ತಿ ಜನರನ್ನು ನೋಡಿದಳು. ಅವರಲ್ಲಿ ಓದು ಮುಗಿದ ಮೇಲೆಯೇ ಎಲ್ಲರೂ ಒಟ್ಟಿಗೆ ಆಮೆನ್ ಅನ್ನುವುದು ಪದ್ಧತಿ. ಅವಳ ಓದು ಇನ್ನೂ ಎರಡು ಪುಟ ಇತ್ತು. ಗುಂಡಿಯ ಆಚೆ ನಿಂತಿದ್ದ ಬಿಷಪ್ ಅಲ್ಲಿಯೇ, ಒಬ್ಬರೇ, ಆಮೆನ್ ಎಂದರು.